ನಡುವೆ ನಿಲ್ಲದ ಎರಡು ಸಾಲುಗಳು

ಪ್ರಶ್ನೆ: ನಾನು ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿನಿ. ಗೋಪಾಲಕೃಷ್ಣ ಅಡಿಗರ ‘ಯಾವ ಮೋಹನ ಮುರಳಿ ಕರೆಯಿತು’ ಕವಿತೆಯ ಲಯ, ಪ್ರಾಸ ಮತ್ತು ಪುನರಾವರ್ತನೆಯನ್ನು ವಿಶ್ಲೇಷಿಸಿ ಬರೆಯಲು ಹೇಳಿದ್ದರು. ‘ಕವಿತೆಯಲ್ಲಿ ಅಂತ್ಯಪ್ರಾಸವಿದೆ, ಮೊದಲ ಸಾಲು ಕೊನೆಯಲ್ಲಿ ಪುನರಾವರ್ತನೆಯಾಗಿದೆ, ಇದರಿಂದ ಕವಿತೆಗೆ ಮೆರುಗು ಬಂದಿದೆ’ ಎಂದು ಬರೆದೆ. ಅಧ್ಯಾಪಕರು ಅಂಚಿನಲ್ಲಿ ‘ಅದರಿಂದೇನಾಯಿತು?’ ಎಂದು ಬರೆದು ಅರ್ಧ ಅಂಕ ಕೊಟ್ಟಿದ್ದಾರೆ. ಇನ್ನೇನು ಬರೆಯಬೇಕಿತ್ತು?

ಉತ್ತರ: ನಿಮ್ಮ ಅಧ್ಯಾಪಕರು ಕೇಳಿದ್ದು ಸರಿಯಾದ ಪ್ರಶ್ನೆ. ‘ಮೆರುಗು ಬಂದಿದೆ’ ಎಂಬ ಮಾತನ್ನು ನಾನು ಪಾಠ ಮಾಡುತ್ತಿದ್ದಾಗ ತರಗತಿಯಿಂದಲೇ ಗಡೀಪಾರು ಮಾಡಿದ್ದೆ. ಅದನ್ನು ಯಾವ ಕವಿತೆಯ ಮುಂದೆ ಬೇಕಾದರೂ ಬರೆಯಬಹುದು. ಕವಿತೆಯನ್ನು ಓದದೆಯೂ ಬರೆಯಬಹುದು. ಈ ಕವಿತೆಯ ಬಗ್ಗೆ ಮಾತ್ರ ಹೇಳಬಹುದಾದ ಮಾತು ಬೇಕಾದರೆ ಪೆನ್ಸಿಲ್ ಹಿಡಿದು ಮಾತ್ರೆ ಎಣಿಸಬೇಕು. ಬೇರೆ ದಾರಿ ಇಲ್ಲ.

ಅದಕ್ಕೂ ಮೊದಲು ಈ ಕವಿತೆಯ ಹಾಡನ್ನು ಒಂದಿಷ್ಟು ಹೊತ್ತು ಮರೆಯಿರಿ. ಕಷ್ಟ, ಗೊತ್ತು. ಆದರೆ ರಾಗ ಹಾಕಿದವರು ಒಂದು ಮಾತ್ರೆಯ ಅಕ್ಷರವನ್ನು ನಾಲ್ಕು ಮಾತ್ರೆಗೆ ಎಳೆಯಬಲ್ಲರು. ಆ ಎಳೆತ ಕಿವಿಯಲ್ಲಿದ್ದರೆ ಲೆಕ್ಕ ಕೈಗೆ ಹತ್ತುವುದಿಲ್ಲ. ಸುಮ್ಮನೆ, ಮಾತನಾಡುವ ದನಿಯಲ್ಲಿ ಗಟ್ಟಿಯಾಗಿ ಓದಿ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಕ್ಕೆ, ಸೊನ್ನೆ ಇದ್ದದ್ದಕ್ಕೆ, ಒತ್ತಕ್ಷರದ ಹಿಂದೆ ಬಂದದ್ದಕ್ಕೆ ಎರಡು, ಅದು ಗುರು. ಇಷ್ಟು ನಿಮಗೆ ಹೈಸ್ಕೂಲಿನಿಂದಲೇ ಗೊತ್ತಿರುತ್ತದೆ.

ಈಗ ಮೊದಲ ಸಾಲು: ಯಾವ | ಮೋಹನ | ಮುರಳಿ | ಕರೆಯಿತು | ದೂರ | ತೀರಕೆ | ನಿನ್ನ | ನು. ಮೂರು, ನಾಲ್ಕು, ಮೂರು, ನಾಲ್ಕು, ಮೂರು, ನಾಲ್ಕು, ಮೂರು, ಕೊನೆಗೆ ಒಂಟಿ ‘ನು’. ಮಾತ್ರೆ ಎಣಿಸಿ ಮಾಡಿದ ಈ ತುಂಡುಗಳೇ ಗಣಗಳು. ಹೀಗೆ ಸಾಲಿನ ತುದಿಯಲ್ಲಿ ಪೂರ್ತಿಯಾಗದೆ ಉಳಿಯುವ ಗಣಕ್ಕೆ ಛಂದಸ್ಸಿನವರು ‘ಮುಡಿ’ ಎನ್ನುತ್ತಾರೆ. ಮೂರರ ಮೇಲೆ ನಾಲ್ಕು ಬರುವ ಈ ನಡಿಗೆ ಎಲ್ಲಿಯದೆಂದು ನಿಮ್ಮ ಕಿವಿಗೆ ಹೊಳೆದಿರಬೇಕು. ಆರು ಸಾಲಿನ ಪದ್ಯಬಂಧವಾದ ಭಾಮಿನಿ ಷಟ್ಪದಿಯದು. ಭಾಮಿನಿಯ ಗಿಡ್ಡ ಸಾಲುಗಳು ಮೂರು-ನಾಲ್ಕು-ಮೂರು-ನಾಲ್ಕು, ಒಟ್ಟು 14 ಮಾತ್ರೆ. ‘ಯಾವ ಮೋಹನ ಮುರಳಿ ಕರೆಯಿತು’ ಎಂಬುದೂ ಸರಿಯಾಗಿ 14. ನವ್ಯ ಎಂಬ ಆಧುನಿಕ ಕಾವ್ಯಮಾರ್ಗದ ಮುಂದಾಳು ಎಂದು ನಾವು ಪಾಠ ಹೇಳುವ ಕವಿ, ದೇಹದ ಸುಖಕ್ಕೆ ಒಗ್ಗಿದವನೊಬ್ಬನ ಬೇಸರವನ್ನು ಹೇಳಲು ಹೊರಟಾಗ ಹಿಡಿದ ನಡೆ ಭಾಮಿನಿಯಲ್ಲಿ ಭಾರತ ಬರೆದ ಕುಮಾರವ್ಯಾಸನದು! ನಿಮ್ಮ ಉತ್ತರದ ಮೊದಲ ವಾಕ್ಯ ಇದಾಗಬಹುದಿತ್ತು.

ಆದರೆ ಗಣ ಹಾಕಿದ್ದಷ್ಟೇ ವಿಶ್ಲೇಷಣೆಯಾಗುವುದಿಲ್ಲ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ, ಮೇಲೆ ಒಂದು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ನಿಜವಾದ ಕೆಲಸ ಇಲ್ಲಿಂದ ಶುರುವಾಗುತ್ತದೆ: ಪದ ಎಲ್ಲಿ ಮುಗಿಯುತ್ತದೆ, ಗಣ ಎಲ್ಲಿ ಮುಗಿಯುತ್ತದೆ ಎಂದು ಒಂದರ ಪಕ್ಕ ಒಂದನ್ನು ಇಟ್ಟು ನೋಡುವುದು. ಮೊದಲ ಸಾಲಿನಲ್ಲಿ ಮುಡಿಯೊಂದನ್ನು ಬಿಟ್ಟರೆ ಪ್ರತಿಯೊಂದು ಗಣವೂ ಇಡಿಯಾದ ಒಂದು ಪದ. ಸಾಲು ತಡವರಿಸದೆ ಸಾಗುತ್ತದೆ. ಎರಡನೆಯ ಸಾಲಿನಲ್ಲಿ ‘ಬೃಂದಾವನವು’ ಎಂಬ ಪದ ‘ಬೃಂದಾ | ವನವು’ ಎಂದು ಎರಡು ಗಣಗಳಿಗೆ ಹಂಚಿಹೋಗುತ್ತದೆ. ಸಣ್ಣ ಸಂಗತಿ. ಒಂದು ಕಡೆ ಗುರುತು ಹಾಕಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಗುರುತು. ಮೊದಲ 14 ಮಾತ್ರೆ ಮುಗಿದಲ್ಲಿ, ಎಂದರೆ ‘ಕರೆಯಿತು’ ಆದ ಮೇಲೆ, ಓದುವವರು ತಾವಾಗಿಯೇ ಒಂದು ಚೂರು ನಿಲ್ಲುತ್ತಾರೆ. ಉಳಿದ ಸಾಲುಗಳಲ್ಲಿ ಆ ಜಾಗವನ್ನು ಹುಡುಕಿ. ‘ಹೂವು ಹಾಸಿಗೆ ಚಂದ್ರ ಚಂದನ’, ಅಲ್ಲಿ ನಿಲುಗಡೆ. ಆಮೇಲೆ ‘ಬಾಹುಬಂಧನ ಚುಂಬನ’. ‘ಏನೊ ತೀಡಲು ಏನೊ ತಾಗಲು’, ನಿಲುಗಡೆ. ‘ಸಪ್ತಸಾಗರದಾಚೆಯೆಲ್ಲೋ’, ನಿಲುಗಡೆ, ಅದಾದ ಮೇಲೆ ‘ಸುಪ್ತಸಾಗರ ಕಾದಿದೆ’. ಎರಡು ಸಾಗರಗಳೂ ಅರ್ಧಸಾಲಿನ ತಲೆಯಲ್ಲೇ ಕುಳಿತಿವೆ, ನಡುವೆ ವ್ಯತ್ಯಾಸ ಒಂದು ಕೊಂಬಿನದು. ‘ಬೇಲಿಯೊಳಗೆ’, ‘ಬೆಂಕಿಯಂತೆ’ ಎಂಬೆಡೆಗಳಲ್ಲಿ ನಾಲ್ಕು ಮಾತ್ರೆ ಬೇಕಾದ ಗಣಕ್ಕೆ ಮೂರೇ ಸಿಗುತ್ತದೆ. ಆ ಕೊರತೆಯೂ ಸರಿಯಾಗಿ ಸಾಲಿನ ನಡುವೆಯೇ ಬೀಳುವುದರಿಂದ ನಿಲುಗಡೆಯೇ ಅದನ್ನು ತುಂಬಿಕೊಡುತ್ತದೆ, ಕಿವಿಗೆ ಕುಂದು ತಿಳಿಯುವುದಿಲ್ಲ. ಕವಿತೆಯ ಹೆಚ್ಚಿನ ಸಾಲುಗಳು ಈ ಶಿಸ್ತನ್ನು ಪಾಲಿಸುತ್ತವೆ.

ಪಾಲಿಸದವು ಮೂರು.

ಒಂದು, ಕವಿತೆಯ ಅರ್ಧದಲ್ಲಿ ಬರುವ ‘ಯಾವ ಸುಮಧುರ ಯಾತನೆ? ಯಾವ ದಿವ್ಯ ಯಾಚನೆ?’ ಈ ಸಾಲು 14ರವರೆಗೆ ಹೋಗುವುದೇ ಇಲ್ಲ. ‘ಯಾತನೆ’ಯಲ್ಲಿ, 11ಕ್ಕೇ, ಪ್ರಶ್ನೆ ಕೇಳಿ ನಿಂತುಬಿಡುತ್ತದೆ. ಮತ್ತೆ ಮೊದಲಿನಿಂದ ‘ಯಾವ’ ಎಂದು ಎದ್ದು 10 ಮಾತ್ರೆಗೆ ಮುಗಿಯುತ್ತದೆ. ಉಳಿದ ಸಾಲುಗಳ ಕೊನೆಯಲ್ಲಿ ಮಾತ್ರ ಇರುವ ಮುಡಿ ಇಲ್ಲಿ ನಡುವೆಯೂ ಇದೆ, ಒಂದು ಸಾಲಿನೊಳಗೆ ಎರಡು ತುದಿಗಳು. ಅಲ್ಲಿಯವರೆಗೆ ಸುಖದ ಪಟ್ಟಿಯನ್ನೂ ಬೇಸರದ ಲಕ್ಷಣವನ್ನೂ ಸರಾಗವಾಗಿ ಹೇಳುತ್ತ ಬಂದ ದನಿಗೆ ಇಲ್ಲಿ ಮಾತು ಸಿಗುತ್ತಿಲ್ಲ. ಯಾತನೆಯೋ ಯಾಚನೆಯೋ ಎಂದು ಅದಕ್ಕೇ ಗೊತ್ತಿಲ್ಲ, ಎರಡು ಪದಗಳ ನಡುವಿನ ಅಂತರ ಒಂದೇ ವ್ಯಂಜನದ್ದು.

ಇನ್ನೆರಡು ಕೊನೆಯ ದ್ವಿಪದಿಗೆ ಮುಂಚಿನ ಸಾಲುಗಳು. ‘ವಿವಶವಾಯಿತು ಪ್ರಾಣ, ಹಾ! ಪರವಶವು ನಿನ್ನೀ ಚೇತನ’. ಎಣಿಸಿ: ವಿವಶ | ವಾಯಿತು | ಪ್ರಾಣ | ಹಾ ಪರ. ಇಲ್ಲಿಗೆ 14. ನಿಲ್ಲಬೇಕಾದ ಜಾಗ. ನಿಲ್ಲಲು ಆಗುವುದಿಲ್ಲ, ಏಕೆಂದರೆ ನಾವು ‘ಪರವಶ’ ಎಂಬ ಪದದ ಹೊಟ್ಟೆಯಲ್ಲಿದ್ದೇವೆ. ಮುಂದಿನ ಸಾಲು, ಎಲ್ಲರ ಬಾಯಲ್ಲೂ ಇರುವ ‘ಇರುವುದೆಲ್ಲವ ಬಿಟ್ಟು ಇರದುದರೆಡೆಗೆ ತುಡಿವುದೆ ಜೀವನ?’ ಇದನ್ನೂ ಎಣಿಸಿ: ಇರುವು | ದೆಲ್ಲವ | ಬಿಟ್ಟು | ಇರದುದ. ಮತ್ತೆ 14, ಮತ್ತೆ ಪದದ ನಡುವೆ! ‘ಇರದುದರೆಡೆಗೆ’ ಏಳು ಲಘುಗಳ ಪದ, ಒಂದು ಗುರುವೂ ಇಲ್ಲ, ಆತುಕೊಳ್ಳಲು ನಾಲಿಗೆಗೆ ಎಡೆಯೇ ಇಲ್ಲ. ಇಡೀ ಕವಿತೆಯಲ್ಲಿ ಸಾಲಿನ ನಡುವಣ ನಿಲುಗಡೆಯನ್ನು ಪದ ದಾಟಿಕೊಂಡು ಹೋಗುವುದು ಈ ಎರಡು ಸಾಲುಗಳಲ್ಲಿ ಮಾತ್ರ. ಒಂದು ಕಡೆ ದಾಟುವ ಪದ ಪರವಶ, ಇನ್ನೊಂದು ಕಡೆ ಇರದುದರೆಡೆಗೆ. ‘ಬೇಲಿಯೊಳಗೆ’ ಎಂದು ಹಿಂದೆ ಒಂದು ಮಾತು ಬಂದಿತ್ತಲ್ಲ, ಆ ಬೇಲಿ ಲಯದಲ್ಲಿ ಮುರಿಯುವುದು ಇಲ್ಲಿ.

‘ಕವಿ ಇದನ್ನೆಲ್ಲ ಎಣಿಸಿಕೊಂಡು ಬರೆದರೇ?’ ಎಂದು ನೀವು ಕೇಳುತ್ತೀರಿ, ನನ್ನ ವಿದ್ಯಾರ್ಥಿಗಳೆಲ್ಲ ಕೇಳಿದ್ದಾರೆ. ನನಗೆ ಅದು ಮುಖ್ಯವೆನಿಸುವುದಿಲ್ಲ. ಎಣಿಸದೆ ಬರೆದಿದ್ದರೆ ಕವಿಯ ಕಿವಿ ಎಷ್ಟು ಪಳಗಿತ್ತು ಎಂದಾಯಿತು. ಸಾಲು ನಮ್ಮೆದುರಿಗಿದೆ, ಅದು ದಾಟುತ್ತಿದೆ. ನಾವು ಹೇಳಬೇಕಾದದ್ದು ಅಷ್ಟನ್ನೇ.

ಒಂದು ಎಚ್ಚರಿಕೆಯನ್ನು ಮಾತ್ರ ಕೊಡಬೇಕು. ಪದ ಸಾಲಿನ ಗಡಿಯನ್ನು ದಾಟಿದ ಮಾತ್ರಕ್ಕೆ ಅಲ್ಲೊಂದು ಅರ್ಥ ಅಡಗಿದೆ ಎಂದು ಹಾರಬೇಡಿ. ಕುಮಾರವ್ಯಾಸನ ಮೊದಲ ಪದ್ಯವನ್ನೇ ನೋಡಿ: ‘ಶ್ರೀವನಿತೆಯರಸನೆ ವಿಮಲರಾ’ ಎಂದು ಸಾಲು ಮುಗಿಯುತ್ತದೆ, ‘ಜೀವ ಪೀಠನ ಪಿತನೆ’ ಎಂದು ಮುಂದಿನದು ಶುರುವಾಗುತ್ತದೆ. ‘ರಾಜೀವ’ ಎರಡು ತುಂಡಾಯಿತು. ಅವನಿಗೆ ಅದು ದಿನನಿತ್ಯದ ವ್ಯವಹಾರ. ಪ್ರತಿ ಪದ್ಯದಲ್ಲೂ ದಾಟುವವನು ದಾಟಿದರೆ ಸುದ್ದಿಯಲ್ಲ. ಈ ಕವಿತೆಯಲ್ಲಿ ಅದು ಸುದ್ದಿಯಾಗುವುದು ಉಳಿದ ಸಾಲುಗಳು ಅಷ್ಟು ವಿಧೇಯವಾಗಿ ನಿಂತು ನಿಂತು ಬಂದಿರುವುದರಿಂದ. ಆದ್ದರಿಂದ ಮೊದಲು ಕವಿತೆ ತನಗೆ ತಾನೇ ಹಾಕಿಕೊಂಡ ನಿಯಮ ಯಾವುದೆಂದು ಕಂಡುಕೊಳ್ಳಿ. ಅದು ಎಲ್ಲಿ ತಪ್ಪಿತು ಎಂಬುದು ಆಮೇಲಿನ ಪ್ರಶ್ನೆ.

ಪ್ರಾಸಕ್ಕೆ ಬರೋಣ. ಕನ್ನಡದಲ್ಲಿ ಅಂತ್ಯಪ್ರಾಸ ಬಹಳ ಅಗ್ಗ. ನಮ್ಮ ವಾಕ್ಯಗಳು ಕ್ರಿಯಾಪದದಲ್ಲಿ ಮುಗಿಯುತ್ತವೆ, ಕ್ರಿಯಾಪದಗಳು ಇದೆ, ಇತ್ತು, ಉತ್ತದೆ ಎಂದು ಮುಗಿಯುತ್ತವೆ. ಪ್ರಾಸ ಬೇಡವೆಂದರೂ ಬಂದು ಕೂರುತ್ತದೆ. ಆದ್ದರಿಂದ ‘ಪ್ರಾಸವಿದೆ’ ಎಂದು ಬರೆಯುವುದರಲ್ಲಿ ಏನೂ ಸಿಗದು. ಪ್ರಾಸದಲ್ಲಿ ಕೂತ ಪದಗಳನ್ನು ಮಾತ್ರ ಒಂದು ಹಾಳೆಯ ಮೇಲೆ ಕೆಳಗೆ ಕೆಳಗೆ ಬರೆದುಕೊಳ್ಳಿ. ಈ ಕವಿತೆಯಲ್ಲಿ ಚುಂಬನ, ರಿಂಗಣ, ಪಂಜರ, ಬೇಸರ, ಸೂಚನೆ, ಯಾಚನೆ, ಬೇಸರ, ಕಾತರ, ಚೇತನ, ಜೀವನ ಎಂದು ಪಟ್ಟಿ ಇಳಿಯುತ್ತದೆ. ಹೆಚ್ಚಿನವು ನಾಮಪದಗಳು, ಎಂದರೆ ಕವಿ ಅಗ್ಗದ ಕ್ರಿಯಾಪದ ಪ್ರಾಸವನ್ನು ಬಹುಮಟ್ಟಿಗೆ ದೂರವಿಟ್ಟಿದ್ದಾರೆ. ಪಟ್ಟಿಯಲ್ಲಿ ‘ಬೇಸರ’ ಎರಡು ಸಲ ಬಂದಿರುವುದನ್ನು ಗಮನಿಸಿದಿರಾ? ಮೊದಲ ಸಲ ಅದರ ಜೋಡಿ ‘ಪಂಜರ’. ಎರಡನೆಯ ಸಲ ‘ಕಾತರ’. ಪಂಜರಕ್ಕೆ ಅಂಟಿಕೊಂಡಿದ್ದ ಬೇಸರ ಕಾತರದ ಕಡೆಗೆ ಹೊರಳಿತು. ಕವಿತೆಯ ಕಥೆಯೇ ಅದು, ಮೂರು ಪ್ರಾಸಪದಗಳಲ್ಲಿ. ಮೊದಲ ಸಲ ‘ಇಂದು ಏನಿದು ಬೇಸರ?’ ಎಂದು ಪ್ರಶ್ನೆಯಾಗಿದ್ದದ್ದು ಎರಡನೆಯ ಸಲ ‘ಎಲ್ಲೊ ಮಲಗಿದೆ ಬೇಸರ’ ಎಂದು ಹೇಳಿಕೆಯಾಗುತ್ತದೆ. ಇನ್ನು ‘ಚುಂಬನ’ಕ್ಕೆ ‘ರಿಂಗಣ’, ‘ಕಾದಿದೆ’ಗೆ ‘ಹಾಯಿತೆ’ ಪೂರ್ತಿ ಹೊಂದದ ಪ್ರಾಸಗಳು. ಅವಕ್ಕೆ ನಾನು ಅರ್ಥ ಹಚ್ಚಲು ಹೋಗುವುದಿಲ್ಲ. ಕಂಡದ್ದಕ್ಕೆಲ್ಲ ಅರ್ಥ ಹಚ್ಚುವುದೂ ಒಂದು ಚಟ.

ಕೊನೆಗೆ ಪುನರಾವರ್ತನೆ. ‘ಮೊದಲ ಸಾಲು ಕೊನೆಯಲ್ಲಿ ಪುನರಾವರ್ತನೆಯಾಗಿದೆ’ ಎಂದು ಬರೆದಿದ್ದೀರಿ. ಆಗಿಲ್ಲ! ಇನ್ನೊಮ್ಮೆ ನೋಡಿ. ಆರಂಭದಲ್ಲಿ ಮುರಳಿ ಕರೆದದ್ದು ‘ದೂರ ತೀರಕೆ’. ಕೊನೆಯಲ್ಲಿ ಆ ಜಾಗದಲ್ಲಿ ‘ಇದ್ದಕಿದ್ದೊಲೆ’ ಇದೆ. ದೂರ ಎಂಬುದು ಹೋಗಿ ದಿಢೀರ್ ಎಂಬುದು ಬಂತು. ಸ್ಥಳದ ಮಾತು ಕಾಲದ ಮಾತಾಯಿತು. ಎರಡನೆಯ ಸಾಲಿನಲ್ಲಿ ಬೃಂದಾವನ ಸೆಳೆದದ್ದು ‘ನಿನ್ನ ಮಣ್ಣಿನ ಕಣ್ಣನು’. ಕೊನೆಯಲ್ಲಿ ಅದೇ ಬೃಂದಾವನ ಚಾಚುವುದು ‘ತನ್ನ ಮಿಂಚಿನ ಕೈಯನು’. ನಿನ್ನ ಇದ್ದದ್ದು ತನ್ನ, ಮಣ್ಣು ಇದ್ದದ್ದು ಮಿಂಚು, ಕಣ್ಣು ಇದ್ದದ್ದು ಕೈ. ಗಣಗಳು ಮಾತ್ರ ಒಂದೂ ಬದಲಾಗಿಲ್ಲ, ಅಚ್ಚಿಗೆ ಅಚ್ಚು. ಕಿವಿ ‘ಅದೇ ಸಾಲು ಬಂತು’ ಎನ್ನುತ್ತಿರುವಾಗಲೇ ಅರ್ಥ ಬೇರೆ ಕಡೆ ಹೋಗಿರುತ್ತದೆ. ಮೊದಲು ಮನುಷ್ಯನ ಕಣ್ಣು ಅತ್ತ ಎಳೆಯಲ್ಪಟ್ಟಿತು. ಕೊನೆಗೆ ಅತ್ತಲಿಂದಲೇ ಕೈ ಬಂತು. ನಡುವೆ ಆ ಎರಡು ದಾಟುವ ಸಾಲುಗಳು ಆಗಿಹೋಗಿರುವುದರಿಂದ ಈ ಬದಲಾವಣೆಯನ್ನು ನಾವು ಒಪ್ಪಿಕೊಳ್ಳುತ್ತೇವೆ.

ಬರೆಯುವಾಗ ಲಯಕ್ಕೊಂದು, ಪ್ರಾಸಕ್ಕೊಂದು, ಪುನರಾವರ್ತನೆಗೊಂದು ಎಂದು ಮೂರು ಉಪಶೀರ್ಷಿಕೆ ಹಾಕಬೇಡಿ. ಪ್ರಶ್ನೆಪತ್ರಿಕೆ ಹಾಗೆ ಕೇಳುತ್ತದೆ, ಕವಿತೆ ಹಾಗೆ ನಡೆದುಕೊಳ್ಳುವುದಿಲ್ಲ. ಬೇಸರದಿಂದ ಕಾತರಕ್ಕೆ, ಅಲ್ಲಿಂದ ಪರವಶತೆಗೆ ಎಂಬ ಒಂದೇ ಎಳೆ ಹಿಡಿದು, ಎಲ್ಲಿ ಯಾವುದು ಕೆಲಸ ಮಾಡುತ್ತಿದೆಯೋ ಅಲ್ಲಿ ಅದನ್ನು ತೋರಿಸಿ.

ಪ್ರಶ್ನೆ: ಈಚಿನ ಕವಿತೆಗಳು ಗದ್ಯವನ್ನು ಮುರಿದು ಸಾಲು ಮಾಡಿದಂತಿವೆ. ಪ್ರಾಸವಿಲ್ಲ, ಗಣವಿಲ್ಲ. ಇಂಥವುಗಳಲ್ಲಿ ಲಯ ಹುಡುಕುವುದು ವ್ಯರ್ಥ ಕಸರತ್ತಲ್ಲವೇ? (ನಿವೃತ್ತ ನೌಕರರೊಬ್ಬರು)

ಉತ್ತರ: ಅರ್ಧ ಒಪ್ಪುತ್ತೇನೆ. ನನಗೆ ಬರುವ ಕವಿತೆಗಳಲ್ಲಿ ಹಲವು ಗದ್ಯವೇ. ಎಂಟರ್ ಕೀಲಿ ಮಾಡಿದ ಉಪಕಾರ. ಅನುಮಾನ ಬಂದರೆ ಸಾಲುಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ಬರೆದು ಓದಿ. ಏನೂ ಕಳೆದುಕೊಂಡಂತೆ ಅನಿಸದಿದ್ದರೆ ಅಲ್ಲಿ ಕಳೆದುಕೊಳ್ಳಲು ಏನೂ ಇರಲಿಲ್ಲ.

ಇನ್ನರ್ಧಕ್ಕೆ ತಕರಾರಿದೆ. ಗಣ ಹಾಕದೆ ಬರೆದದ್ದರಲ್ಲಿ ಲಯವಿರುವುದಿಲ್ಲ ಎನ್ನುವುದಾದರೆ ನಮ್ಮ 12ನೆಯ ಶತಮಾನವನ್ನೇ ಕೈಬಿಡಬೇಕಾಗುತ್ತದೆ. ಬಸವಣ್ಣನವರ ‘ಕಳಬೇಡ ಕೊಲಬೇಡ’ ವಚನವನ್ನು ಎಣಿಸಿ ನೋಡಿದ್ದೀರಾ? ಕಳಬೇಡ, ಐದು ಮಾತ್ರೆ. ಕೊಲಬೇಡ, ಐದು. ‘ಹುಸಿಯ ನುಡಿಯಲು ಬೇಡ’ ಐದೈದರ ಎರಡು ಗಣ. ಇದು ಹೀಗೆಯೇ ಹೋಗುತ್ತದೆ ಎಂದುಕೊಳ್ಳುವಷ್ಟರಲ್ಲಿ ‘ಮುನಿಯಬೇಡ’ ಬಂದು ಆರಾಗುತ್ತದೆ. ‘ಅನ್ಯರಿಗೆ ಅಸಹ್ಯಪಡಬೇಡ’ದಲ್ಲಿ ‘ಅಸಹ್ಯ’ ನಾಲ್ಕಕ್ಕೆ ಇಳಿಯುತ್ತದೆ. ‘ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ’ ಎನ್ನುವಾಗ ಮತ್ತೆ ಐದಕ್ಕೆ ಬಂದು ಕೂರುತ್ತದೆ. ಇದನ್ನು ಛಂದಸ್ಸು ಎಂದು ಕರೆಯಲಾಗದು, ಆದರೆ ಕಿವಿಯಲ್ಲಿ ಐದರ ನಡೆಯೊಂದು ಇತ್ತು, ಮಾತಿಗೆ ಬೇಕಾದಾಗ ಅದು ಬಾಗಿತು ಎನ್ನಬಹುದು. ಪುನರಾವರ್ತನೆಯನ್ನೂ ಗಮನಿಸಿ. ಏಳು ‘ಬೇಡ’ಗಳು, ಎಲ್ಲವೂ ನುಡಿಗಟ್ಟಿನ ಕೊನೆಯಲ್ಲಿ. ಆಮೇಲೆ ಮೂರು ‘ಇದೇ’ಗಳು, ಎಲ್ಲವೂ ತಲೆಯಲ್ಲಿ: ಇದೇ ಅಂತರಂಗ ಶುದ್ಧಿ, ಇದೇ ಬಹಿರಂಗ ಶುದ್ಧಿ, ಇದೇ ನಮ್ಮ ಕೂಡಲಸಂಗಮದೇವರನೊಲಿಸುವ ಪರಿ. ನಿಷೇಧ ಬಾಲದಲ್ಲಿ, ವಿಧಿ ತಲೆಯಲ್ಲಿ. ಕೇಳುವವರ ಗಮನ ಎತ್ತಿಂದೆತ್ತ ತಿರುಗಬೇಕೋ ಅತ್ತ ತಿರುಗುತ್ತದೆ, ಒಂದು ಗಣವನ್ನೂ ಹಾಕದೆ.

ನಿಮ್ಮ ದೂರು ಹೊಸದೂ ಅಲ್ಲ. ದ್ವಿತೀಯಾಕ್ಷರ ಪ್ರಾಸ, ಎಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವ ಆದಿಪ್ರಾಸ, ಬಿಟ್ಟರೆ ಪದ್ಯವೇ ಅಲ್ಲ ಎನ್ನುವ ಕಾಲದಲ್ಲಿ, 1911ರಲ್ಲಿ, ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಕೈಬಿಟ್ಟು ಬರೆದರು. 1926ರಲ್ಲಿ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಬಂದಾಗ ಹಳೆಯ ಮಾತ್ರಾಗಣಗಳೇ ಹೊಸ ಹೊಸ ಬಗೆಯಲ್ಲಿ ಜೋಡಣೆಯಾದವು. 1949ರ ‘ಶ್ರೀ ರಾಮಾಯಣ ದರ್ಶನಂ’ ಹೊತ್ತಿಗೆ ಪ್ರಾಸವಿಲ್ಲದೆ, ವಾಕ್ಯ ಸಾಲಿನಿಂದ ಸಾಲಿಗೆ ಹರಿಯುತ್ತ, ಮಹಾಕಾವ್ಯವೇ ನಡೆಯಿತು ಎನ್ನುವ ಸ್ಥಿತಿ. ಬಿಟ್ಟವರೆಲ್ಲ ಮೊದಲು ಅದನ್ನು ಚೆನ್ನಾಗಿ ಬಲ್ಲವರಾಗಿದ್ದರು ಎಂಬುದನ್ನು ಮಾತ್ರ ಇಂದಿನ ಕಿರಿಯರಿಗೆ ನಾನೂ ನಿಮ್ಮ ಜೊತೆ ಸೇರಿ ಹೇಳಲು ಸಿದ್ಧ.

ಪ್ರಶ್ನೆ: ನನ್ನ ಕವಿತೆಯ ಒಂದು ನುಡಿ ಕಳುಹಿಸುತ್ತಿದ್ದೇನೆ. ಮಾತ್ರೆ ಎಣಿಸಿಯೇ ಬರೆದಿದ್ದೇನೆ. ಆದರೂ ಗೆಳೆಯರು ನಕ್ಕರು. ಏಕೆ?

ಮುಂಜಾವ ಮಂಜಿನಲಿ ಮರವೊಂದು ನಿಂತಿದೆ
ಎಲೆಯುದುರಿ ಬರಿಕೊಂಬೆ ಆಕಾಶಕಂಟಿದೆ
ಯಾರನೋ ಕಾಯುತ್ತ ಹಾಗೆಯೇ ಕುಂತಿದೆ

ಉತ್ತರ: ಗಣ ಒಂದೂ ತಪ್ಪಿಲ್ಲ. ಐದು, ಐದು, ಐದು, ಕೊನೆಗೆ ನಾಲ್ಕು. ಮೂರು ಸಾಲೂ ಹಾಗೆಯೇ. ಆದರೆ ಮೊದಲ ಸಾಲಿನಲ್ಲಿ ನಿಂತಿದ್ದ ಮರ ಮೂರನೆಯ ಸಾಲಿನಲ್ಲಿ ಕುಂತುಬಿಟ್ಟಿದೆ. ಗೆಳೆಯರು ನಕ್ಕಿದ್ದರೆ ಅವರ ಮೇಲೆ ಕೋಪ ಬೇಡ, ನಾನೂ ನಕ್ಕೆ. ಪ್ರಾಸ ಕೇಳಿತೆಂದು ಮರವನ್ನು ಕೂರಿಸಿದಿರಿ.

ಮೇಲೆ ಹೇಳಿದೆನಲ್ಲ, ‘ಇದೆ’ ಎಂಬ ಕ್ರಿಯಾಪದದ ಪ್ರಾಸ ಕನ್ನಡದಲ್ಲಿ ಪುಕ್ಕಟೆ. ಪುಕ್ಕಟೆ ಬಂದದ್ದು ಅರ್ಥದಲ್ಲಿ ದುಡ್ಡು ವಸೂಲಿ ಮಾಡುತ್ತದೆ. ಮೂರನೆಯ ಸಾಲಿನ ಪ್ರಾಸವನ್ನು ಮುರಿಯಿರಿ. ‘ಯಾರನೋ ಕಾಯುತ್ತ’ ಎಂಬಲ್ಲಿಗೇ ನಿಲ್ಲಿಸಿ, ಹತ್ತು ಮಾತ್ರೆಗೆ. ಮಿಕ್ಕ ಒಂಬತ್ತು ಮಾತ್ರೆಯ ಮೌನ ನೀವು ಹೇಳಹೊರಟ ಕಾಯುವಿಕೆಯನ್ನು ನಿಮಗಿಂತ ಚೆನ್ನಾಗಿ ಹೇಳುತ್ತದೆ. ‘ಮಂಜಿನಲಿ’ ಎಂದು ‘ಲ್ಲಿ’ಯ ಒತ್ತು ತೆಗೆದದ್ದು ಮಾತ್ರೆಗಾಗಿ ಎಂದು ಗೊತ್ತು, ನವ್ಯಕ್ಕೂ ಮುಂಚಿನ ನವೋದಯದ ಕವಿಗಳು ಅದನ್ನು ಧಾರಾಳವಾಗಿ ಮಾಡಿದರು. ಇಂದು ಅದು ಬಂದ ಕೂಡಲೇ ಕವಿತೆಗೆ ಹಳೆಯ ಭಾವಗೀತೆಯ ವಾಸನೆ ಹತ್ತುತ್ತದೆ. ಬೇಕಿದ್ದರೆ ಇಟ್ಟುಕೊಳ್ಳಿ, ಗೊತ್ತಿದ್ದೇ ಇಟ್ಟುಕೊಳ್ಳಿ.

ಪ್ರಶ್ನೆ: ಲಘು ಗುರು ಹಾಕಿಕೊಡುವ ತಂತ್ರಾಂಶ ಮೊಬೈಲಿನಲ್ಲೇ ಸಿಗುವಾಗ ಕೈಯಲ್ಲಿ ಎಣಿಸುವುದು ಏಕೆ?

ಉತ್ತರ: ಯಂತ್ರಕ್ಕೆ ‘ವಿವಶವಾಯಿತು ಪ್ರಾಣ’ ಕೊಟ್ಟು ನೋಡಿ. ‘ಪ್ರಾ’ ಒತ್ತಕ್ಷರ, ಆದ್ದರಿಂದ ಅದರ ಹಿಂದಿನ ‘ತು’ ಗುರು ಎಂದು ನಿಯಮ ಹಿಡಿದು ಎಣಿಸಿದರೆ ಗಣ ಐದಾಗಿ ಇಡೀ ಸಾಲಿನ ಲೆಕ್ಕ ಕೆಡುತ್ತದೆ. ನಾವು ಓದುವಾಗ ‘ವಾಯಿತು’ ಎಂಬಲ್ಲಿ ಪದ ಮುಗಿಯಿತೆಂದು ನಾಲಿಗೆಗೆ ಗೊತ್ತು, ‘ತು’ ಲಘುವಾಗಿಯೇ ಉಳಿಯುತ್ತದೆ. ಎರಡು ಬಿಡಿ ಪದಗಳ ನಡುವೆ ಒತ್ತಕ್ಷರ ಬಂದಾಗ ಹೊಸಗನ್ನಡ ಕವಿಗಳಲ್ಲಿ ಲಘುವೂ ಉಂಟು, ಗುರುವೂ ಉಂಟು. ಯಾವುದೆಂದು ಅಕ್ಕಪಕ್ಕದ ಗಣಗಳನ್ನು ಕೇಳಿ ತೀರ್ಮಾನಿಸಬೇಕು. ಸಮಾಸವಾಗಿದ್ದರೆ ಗುರು, ಅನುಮಾನ ಬೇಡ. ಯಂತ್ರ ಬಳಸಿ, ಆದರೆ ಅದು ಕೊಟ್ಟ ಲೆಕ್ಕ ನಿಮ್ಮ ಬಾಯಿಯ ಲೆಕ್ಕಕ್ಕೆ ಹೊಂದದಿದ್ದರೆ ಬಾಯಿಯನ್ನು ನಂಬಿ.

ಪ್ರಶ್ನೆ: ಆದಿಪ್ರಾಸ ಈಗ ಸತ್ತೇಹೋಯಿತೇ? ಎಣಿಸುವುದನ್ನು ಯಾವ ಪದ್ಯದಿಂದ ಆರಂಭಿಸಲಿ? (ಗೃಹಿಣಿಯೊಬ್ಬರ ಎರಡು ಪ್ರಶ್ನೆಗಳು)

ಉತ್ತರ: ಎರಡಕ್ಕೂ ಒಂದೇ ಉತ್ತರ, ಅಮ್ಮಾ. ಗೋವಿಂದ ಪೈಗಳು ಬಿಟ್ಟು ಮೂರು ದಶಕ ಕಳೆದ ಮೇಲೆ, 1943ರಲ್ಲಿ ಬಂದ ‘ಮಂಕುತಿಮ್ಮನ ಕಗ್ಗ’ದಲ್ಲಿ ಡಿ.ವಿ.ಜಿ. ಆದಿಪ್ರಾಸವನ್ನು ಹಟ ಹಿಡಿದು ಉಳಿಸಿಕೊಂಡಿದ್ದಾರೆ. ನಿಮಗೆ ಬಾಯಿಪಾಠವಾಗಿರಬಹುದಾದ ‘ಹುಲ್ಲಾಗು ಬೆಟ್ಟದಡಿ’ ಪದ್ಯವನ್ನೇ ಬರೆದುಕೊಳ್ಳಿ. ಹುಲ್ಲಾಗು, ಕಲ್ಲಾಗು, ಬೆಲ್ಲ, ಎಲ್ಲ: ನಾಲ್ಕೂ ಸಾಲಿನ ಎರಡನೆಯ ಅಕ್ಷರ ‘ಲ್ಲ’ಕಾರ. ನಡೆ ಐದು ಮಾತ್ರೆಯದು. ‘ಹುಲ್ಲಾಗು’ ಐದು, ‘ಬೆಟ್ಟದಡಿ’ ಐದು, ಸುಲಭ. ಅದರ ಮುಂದೆ ‘ಮನೆಗೆ ಮಲ್ಲಿಗೆಯಾಗು’ ಬರುತ್ತದೆ. ಅಲ್ಲಿ ಮೂರನೆಯ ಗಣ ಯಾವ ಅಕ್ಷರಕ್ಕೆ ಮುಗಿಯುತ್ತದೆ, ಪದಕ್ಕೆ ಏನಾಗುತ್ತದೆ ಎಂದು ಗುರುತು ಹಾಕಿ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ನೋಡೋಣ.